ಶೇಕಡಾ ಲೆಕ್ಕ: ಎಕ್ಸ್ ಹಾಕಬೇಕಾ, ನೂರು ಹಿಡಿಯಬೇಕಾ, ಆಯ್ಕೆ ಇಟ್ಟು ನೋಡಬೇಕಾ?

ಬ್ಯಾಂಕ್ ಪರೀಕ್ಷೆಗೆ ಓದುವವರು ಶೇಕಡಾ ಅಧ್ಯಾಯ ಮುಗಿಸಿದ ಮೇಲೂ ಒಂದು ಗೊಂದಲದಲ್ಲಿ ಇರುತ್ತಾರೆ. ಶಾಲೆಯಲ್ಲಿ ಕಲಿತದ್ದು ಎಕ್ಸ್ ಹಾಕಿ ಸಮೀಕರಣ ಬಿಡಿಸುವುದು. ಕೋಚಿಂಗ್ ಕ್ಲಾಸಿನ ಝೆರಾಕ್ಸ್ ನೋಟ್ಸ್ ತುಂಬ ಶಾರ್ಟ್‌ಕಟ್ ಸೂತ್ರಗಳು. ಯೂಟ್ಯೂಬ್ ತೆರೆದರೆ "ಪೆನ್ನೇ ಬೇಡ, ಆಯ್ಕೆ ನೋಡಿದರೆ ಸಾಕು" ಅನ್ನುವವರು. ಯಾರ ಮಾತು ಕೇಳುವುದು?

ಉಡುಪಿಯಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗ ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ತಪ್ಪುವುದು ವಿಧಾನ ನಿಧಾನವಾದ್ದರಿಂದ ಅಲ್ಲ, ಆ ಲೆಕ್ಕಕ್ಕೆ ಆ ವಿಧಾನ ಒಗ್ಗದೆ ಇದ್ದದ್ದರಿಂದ. ಪ್ರಶ್ನೆ ಓದುವಾಗ ಎರಡು ವಿಷಯ ಗಮನಿಸಿದರೆ ಯಾವ ದಾರಿ ಅನ್ನುವುದು ಹೆಚ್ಚಿನ ಸಲ ತಾನಾಗೇ ಗೊತ್ತಾಗುತ್ತದೆ. ಒಂದು, ಈ ಶೇಕಡಾ ಯಾವುದರ ಮೇಲೆ, ಅಂದರೆ ಬೇಸ್ ಯಾವುದು. ಎರಡು, ಲೆಕ್ಕದ ನಡುವೆ ರೂಪಾಯಿಯನ್ನೋ ಕಿಲೋವನ್ನೋ ಕೂಡಿಸುವ, ಕಳೆಯುವ ಮಾತು ಇದೆಯಾ.

ಈ ಕಡೆಯ ಮನೆಗಳಲ್ಲಿ ಬ್ಯಾಂಕ್ ಪರೀಕ್ಷೆಯ ಮಾತು ಹೊಸದಲ್ಲ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ. ಆಮೇಲೆ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಈಗ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿ ಹೋಗಿವೆ. ಆದರೂ ಡಿಗ್ರಿ ಮುಗಿದ ಮಕ್ಕಳಿಗೆ "ಒಂದು ಬ್ಯಾಂಕ್ ಪರೀಕ್ಷೆ ಬರೆದು ನೋಡು" ಅನ್ನುವ ಮಾವಂದಿರು ಕಡಿಮೆ ಆಗಿಲ್ಲ.

ಸಮಯದ ಲೆಕ್ಕ ಗೊತ್ತಿರಲಿ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಗಣಿತ ವಿಭಾಗಕ್ಕೆ 35 ಪ್ರಶ್ನೆ, 20 ನಿಮಿಷ. ಒಂದಕ್ಕೆ ಸುಮಾರು 34 ಸೆಕೆಂಡ್. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಕಡಿತ. ಕ್ಯಾಲ್ಕುಲೇಟರ್ ಇಲ್ಲ. ಸರಳೀಕರಣ, ಸಂಖ್ಯಾ ಸರಣಿ ಇಂಥವನ್ನು ಬೇಗ ಮುಗಿಸಿದರೆ ವಾಕ್ಯದ ಲೆಕ್ಕಗಳಿಗೆ ತಲಾ ಒಂದು ನಿಮಿಷದ ಹತ್ತಿರ ಸಿಗುತ್ತದೆ. ಹಾಗಾಗಿ ಶೇಕಡಾ ಲೆಕ್ಕವನ್ನು 10 ಸೆಕೆಂಡಿನಲ್ಲಿ ಬಿಡಿಸುವ ಹಟ ಬೇಕಾಗಿಲ್ಲ. ಒಂದು ನಿಮಿಷದ ಒಳಗೆ, ತಪ್ಪಿಲ್ಲದೆ ಬಿಡಿಸಿದರೆ ಸಾಕು.

(ಇಲ್ಲಿ ಬರೆಯುವ ಅನುಕೂಲಕ್ಕೆ ಎಕ್ಸ್ ಬದಲು "ಕ" ಅಂತ ಬರೆದಿದ್ದೇನೆ. ನೀವು ರಫ್ ಶೀಟಿನಲ್ಲಿ ಎಕ್ಸ್ ಅಂತಲೇ ಬರೆಯಿರಿ.)

ಒಂದೇ ಲೆಕ್ಕ, ಮೂರು ದಾರಿ

ಕುಚ್ಚಲಕ್ಕಿ ಬೆಲೆ ಶೇ. 25 ಏರಿತು. ಈಗ 1,000 ರೂಪಾಯಿಗೆ ಮೊದಲಿಗಿಂತ 4 ಕಿಲೋ ಕಡಿಮೆ ಸಿಗುತ್ತದೆ. ಹಳೆಯ ಬೆಲೆ ಎಷ್ಟು?

ಎಕ್ಸ್ ಹಾಕುವವರು ಹೀಗೆ ಹೋಗುತ್ತಾರೆ. ಹಳೆಯ ಬೆಲೆ ಕ, ಹೊಸದು 1.25ಕ. 1000/ಕ − 1000/1.25ಕ = 4. ಎರಡನೆಯದು 800/ಕ ಆಗುತ್ತದೆ. ಹಾಗಾದರೆ 200/ಕ = 4, ಕ = 50. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅಜ್ಞಾತ ಛೇದದಲ್ಲಿ ಬಂದಿದೆ. ಛೇದದಲ್ಲಿ ಅಕ್ಷರ ಕಂಡ ಕೂಡಲೇ ಅರ್ಧ ಜನ ಗಾಬರಿ ಬೀಳುತ್ತಾರೆ.

ಭಿನ್ನರಾಶಿಯವರಿಗೆ ಶೇ. 25 ಅಂದರೆ 1/4. ಬೆಲೆ 4 ಇದ್ದದ್ದು 5 ಆಯಿತು. ದುಡ್ಡು ಅಷ್ಟೇ ಇರುವಾಗ ಅಕ್ಕಿ ತಿರುಗುಮುರುಗು, 5 ಇದ್ದದ್ದು 4 ಆಯಿತು. ಒಂದು ಪಾಲು ಕಡಿಮೆ, ಆ ಪಾಲು 4 ಕಿಲೋ. ಮೊದಲು 5 ಪಾಲು, ಅಂದರೆ 20 ಕಿಲೋ. 1000/20 = 50 ರೂಪಾಯಿ. ಬಾಯಲ್ಲೇ ಮುಗಿಯುತ್ತದೆ.

ಆಯ್ಕೆ ಇಟ್ಟು ನೋಡುವವರು 45, 48, 50, 54, 60 ಅಂತ ಕಂಡರೆ ಮಧ್ಯದ 50 ಹಿಡಿಯುತ್ತಾರೆ. 20 ಕಿಲೋ. ಹೊಸ ಬೆಲೆ 62.50, ಅದಕ್ಕೆ 16 ಕಿಲೋ. 4 ಕಡಿಮೆ, ಸರಿಯಾಯಿತು. ಇಲ್ಲಿ ಮೊದಲ ಏಟಿಗೇ ಸಿಕ್ಕಿತು. ಸಿಗದೆ ಇದ್ದಿದ್ದರೆ 1,000ವನ್ನು 48ರಿಂದ, 54ರಿಂದ ಭಾಗಿಸುತ್ತಾ ಕೂರಬೇಕಿತ್ತು.

ಈ ಲೆಕ್ಕಕ್ಕೆ ನನ್ನ ಮತ ಭಿನ್ನರಾಶಿಗೆ. ಬೆಲೆ ಮತ್ತು ಪ್ರಮಾಣ, ವೇಗ ಮತ್ತು ಸಮಯ, ಕೆಲಸಗಾರರು ಮತ್ತು ದಿನ, ಹೀಗೆ ಒಂದು ಏರಿದರೆ ಇನ್ನೊಂದು ಇಳಿಯುವ ಜೋಡಿ ಬಂದರೆ ಕಣ್ಣು ಮುಚ್ಚಿ ಅದನ್ನೇ ಹಿಡಿಯಿರಿ. ಇದಕ್ಕೆ ಬೇಕಾದ ಬಂಡವಾಳ ಒಂದು ಚಿಕ್ಕ ಪಟ್ಟಿ ಮಾತ್ರ: ಶೇ. 12.5 ಅಂದರೆ 1/8, 16⅔ ಅಂದರೆ 1/6, 33⅓ ಅಂದರೆ 1/3, 37.5 ಅಂದರೆ 3/8, 8⅓ ಅಂದರೆ 1/12, 6.25 ಅಂದರೆ 1/16, 11 1/9 ಅಂದರೆ 1/9, 14 2/7 ಅಂದರೆ 1/7. ಮಗ್ಗಿಯ ಹಾಗೆ ಬಾಯಿಗೆ ಬರಬೇಕು. ಪ್ರಶ್ನೆಯಲ್ಲಿ ಶೇ. 17 ಅಥವಾ ಶೇ. 23 ಅಂತ ಬಂದರೆ ಮಾತ್ರ ಭಿನ್ನರಾಶಿಯಿಂದ ಲಾಭ ಇಲ್ಲ. ಆಗ ದಶಮಾಂಶವೇ ಸಲೀಸು.

ನೂರು ಹಿಡಿಯುವುದು

ಉತ್ತರವನ್ನು ಶೇಕಡಾದಲ್ಲೇ ಕೇಳಿದ್ದಾರೆ, ಪ್ರಶ್ನೆಯಲ್ಲಿ ಎಲ್ಲೂ ರೂಪಾಯಿ ಇಲ್ಲ. ಅಂಥ ಕಡೆ ನೂರನ್ನು ಮೀರಿಸುವ ವಿಧಾನ ಇಲ್ಲ. ಸೀರೆ ಅಂಗಡಿಯವನು ಅಸಲಿನ ಮೇಲೆ ಶೇ. 40 ಏರಿಸಿ ಬೆಲೆ ಚೀಟಿ ಹಚ್ಚುತ್ತಾನೆ. ಆಮೇಲೆ ಶೇ. 25 ಡಿಸ್ಕೌಂಟ್ ಕೊಡುತ್ತಾನೆ. ಲಾಭ ಎಷ್ಟು? 100, 140, ಅದರಲ್ಲಿ ಕಾಲು ಭಾಗ 35 ಹೋದರೆ 105. ಲಾಭ ಶೇ. 5. "ಲಾಭ 90 ರೂಪಾಯಿ ಆದರೆ ಅಸಲು ಎಷ್ಟು" ಅಂತ ಕೇಳಿದರೂ ತೊಂದರೆ ಇಲ್ಲ. 5 ಅಂದರೆ 90, ಹಾಗಾದರೆ 100 ಅಂದರೆ 1,800. ರೂಪಾಯಿ ಕೊನೆಯಲ್ಲಿ ಬಂದರೆ ನೂರು ತಡೆದುಕೊಳ್ಳುತ್ತದೆ, ನಡುವೆ ಬಂದರೆ ಕೈಕೊಡುತ್ತದೆ.

ನೂರೇ ಹಿಡಿಯಬೇಕು ಅಂತೇನೂ ಇಲ್ಲ. ಶೇ. 33⅓ ಏರಿ ಆಮೇಲೆ ಶೇ. 12.5 ಇಳಿದರೆ ಒಟ್ಟು ಬದಲಾವಣೆ ಎಷ್ಟು? ಇಲ್ಲಿ ನೂರು ಹಿಡಿದರೆ 133.33 ಅಂತ ಬಾಲ ಬೆಳೆಯುತ್ತದೆ. 24 ಹಿಡಿಯಿರಿ, ಅದು 3ಕ್ಕೂ 8ಕ್ಕೂ ಬಗ್ಗುವ ಸಂಖ್ಯೆ. 24, 32, 28. ನಾಲ್ಕು ಏರಿತು, 24ರಲ್ಲಿ 4 ಅಂದರೆ 1/6, ಶೇ. 16⅔.

ಇದೇ ಜಾಗಕ್ಕೆ ನೋಟ್ಸ್‌ನಲ್ಲಿ ಒಂದು ಸೂತ್ರ ಇರುತ್ತದೆ: ಎರಡು ಶೇಕಡಾ ಕೂಡಿಸಿ, ಅವೆರಡರ ಗುಣಲಬ್ಧವನ್ನು ನೂರರಿಂದ ಭಾಗಿಸಿ ಸೇರಿಸಿ. ಸೀರೆ ಲೆಕ್ಕಕ್ಕೆ 40 − 25 − 10 = 5. ಉತ್ತರ ಬರುತ್ತದೆ ನಿಜ. ಆದರೆ ಇಳಿಕೆಗೆ ಋಣ ಚಿಹ್ನೆ ಹಾಕಲು ಮರೆತರೆ ಮುಗಿಯಿತು. ಮೂರು ಬದಲಾವಣೆ ಬಂದರೆ ಸೂತ್ರವನ್ನು ಎರಡು ಸಲ ಹಾಕಬೇಕು. ನನಗೆ ಈ ಸೂತ್ರದ ಮೇಲೆ ಅಂಥ ಪ್ರೀತಿ ಏನಿಲ್ಲ. 1.4 × 0.75 ಅಂತ ಗುಣಿಸುವುದು ಇದಕ್ಕಿಂತ ಚಿಕ್ಕದು, ಎಷ್ಟು ಬದಲಾವಣೆ ಬಂದರೂ ಅದೇ ದಾರಿ.

ಸಾಲಾಗಿ ಗುಣಿಸುವುದು

ಪ್ರಶ್ನೆ ಉದ್ದ ಇದೆ, ಮೂರ್ನಾಲ್ಕು ಶೇಕಡಾ ಬಂದಿವೆ, ಆದರೆ ಪ್ರತಿಯೊಂದೂ ಅದರ ಹಿಂದಿನದರ ಮೇಲೆ ನಿಂತಿದೆ. ಚುನಾವಣೆ ಲೆಕ್ಕಗಳೆಲ್ಲ ಹೀಗೇ. ಒಂದು ಹಾಲಿನ ಸೊಸೈಟಿಯ ಚುನಾವಣೆ. ಮತದಾರರಲ್ಲಿ ಶೇ. 80 ಜನ ಮತ ಹಾಕಿದರು. ಬಿದ್ದ ಮತಗಳಲ್ಲಿ ಶೇ. 5 ಕುಲಗೆಟ್ಟವು. ಕಣದಲ್ಲಿ ಇಬ್ಬರೇ. ಗೆದ್ದವನಿಗೆ ಸಿಂಧುವಾದ ಮತಗಳಲ್ಲಿ ಶೇ. 60. ಗೆಲುವಿನ ಅಂತರ 304. ಒಟ್ಟು ಮತದಾರರು ಎಷ್ಟು?

ಗೆದ್ದವನಿಗೆ 60, ಸೋತವನಿಗೆ 40, ಅಂತರ ಶೇ. 20. ಒಂದೇ ಸಾಲು: ಒಟ್ಟು × 4/5 × 19/20 × 1/5 = 304. ಎಡಗಡೆ 76/500. 304 ಅಂದರೆ 76ರ ನಾಲ್ಕು ಪಟ್ಟು. ಉತ್ತರ 500 × 4 = 2,000. ಇಲ್ಲಿ ಎಕ್ಸ್ ಹಾಕಿದರೂ ಹಾಕದೆ ಇದ್ದರೂ ಒಂದೇ, ಸಾಲು ಬದಲಾಗುವುದಿಲ್ಲ. ಕಾಲ ಹಾಳಾಗುವುದು 80, 76, 45.6, 30.4 ಅಂತ ಪ್ರತಿ ಮೆಟ್ಟಿಲಲ್ಲೂ ನಿಂತು ಬೆಲೆ ಕಟ್ಟುವವರದ್ದು. ಗುಣಾಕಾರವನ್ನು ಕೊನೆಯವರೆಗೆ ಹಾಗೇ ಬಿಡಿ, ಕೊನೆಗೆ ಒಟ್ಟಿಗೆ ಹೊಡೆದು ಹಾಕಿ.

ಎಕ್ಸ್ ಇಲ್ಲದೆ ಆಗದ ಕಡೆ

ಈಗ ಅಸಲು ವಿಷಯ. ಅಣ್ಣನ ಸಂಬಳ ತಮ್ಮನ ಸಂಬಳಕ್ಕಿಂತ ಶೇ. 25 ಜಾಸ್ತಿ. ಇಬ್ಬರಿಗೂ 3,000 ರೂಪಾಯಿ ಏರಿತು. ಈಗ ಅಣ್ಣನದು ತಮ್ಮನದಕ್ಕಿಂತ ಶೇ. 20 ಮಾತ್ರ ಜಾಸ್ತಿ. ತಮ್ಮನ ಮೊದಲಿನ ಸಂಬಳ ಎಷ್ಟು?

ನೂರು ಹಿಡಿದು ನೋಡಿ. ತಮ್ಮನಿಗೆ 100, ಅಣ್ಣನಿಗೆ 125. ಇದಕ್ಕೆ 3,000 ಕೂಡಿಸುವುದು ಹೇಗೆ? ಆ 100 ರೂಪಾಯಿ ಅಲ್ಲ, ಪಾಲು. ಪಾಲಿಗೆ ರೂಪಾಯಿ ಕೂಡಿಸಲು ಬರುವುದಿಲ್ಲ. ಶೇಕಡಾ ಎರಡು ಸಲ ಬಂದು ನಡುವೆ ಒಂದು ನಿಶ್ಚಿತ ಮೊತ್ತ ಕೂತಿದ್ದರೆ ತಡಮಾಡದೆ ಸಮೀಕರಣಕ್ಕೆ ಹೋಗಿ. ಇದು ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು. ಶಾರ್ಟ್‌ಕಟ್ ಹುಡುಕುತ್ತಾ ಕಳೆಯುವ ಅರ್ಧ ನಿಮಿಷದಲ್ಲಿ ಸಮೀಕರಣ ಬಿಡಿಸಿ ಮುಗಿಯುತ್ತದೆ.

ಆದರೆ ಕ ಮತ್ತು 1.25ಕ ಬೇಡ. 4ಕ ಮತ್ತು 5ಕ ಅಂತ ಇಟ್ಟುಕೊಳ್ಳಿ. ಏರಿದ ಮೇಲೆ ಅನುಪಾತ 5 ಮತ್ತು 6. ಅಡ್ಡ ಗುಣಿಸಿದರೆ 5(5ಕ + 3000) = 6(4ಕ + 3000). 25ಕ + 15000 = 24ಕ + 18000. ಕ = 3000. ತಮ್ಮನಿಗೆ 12,000, ಅಣ್ಣನಿಗೆ 15,000. ಏರಿದ ಮೇಲೆ 15,000 ಮತ್ತು 18,000, ಸರಿಯಾಗಿ ಶೇ. 20 ಜಾಸ್ತಿ. ದಶಮಾಂಶದ ಗೋಜೇ ಇಲ್ಲ. ಬೀಜಗಣಿತ ನಿಧಾನ ಅನ್ನುವವರು ಹೆಚ್ಚಾಗಿ 1.25ರ ಜೊತೆ ಗುದ್ದಾಡಿದವರು.

ಯಾರಿಗೆ ಕ ಇಡಬೇಕು ಅನ್ನುವುದೂ ಮುಖ್ಯ. ಕ್ಲರ್ಕ್ ಪರೀಕ್ಷೆಯ ಪ್ರಶ್ನೆಗಳು ಈಗ ಕನ್ನಡದಲ್ಲೂ ಸಿಗುತ್ತವೆ. ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲ ಇದೆ, "ಗಿಂತ" ಯಾವುದಕ್ಕೆ ಅಂಟಿಕೊಂಡಿದೆಯೋ ಅದೇ ಬೇಸ್. "ತಮ್ಮನ ಸಂಬಳಕ್ಕಿಂತ" ಅಂದರೆ ತಮ್ಮನಿಂದಲೇ ಶುರು ಮಾಡಿ. ಅಣ್ಣನಿಂದ ಶುರು ಮಾಡಿದವರು ತಮ್ಮನದು 0.75ಕ ಅಂತ ಬರೆದುಬಿಡುತ್ತಾರೆ. ಅದು 0.8ಕ. ಅಣ್ಣ ತಮ್ಮನಿಗಿಂತ ಶೇ. 25 ಜಾಸ್ತಿ ಆದರೆ ತಮ್ಮ ಅಣ್ಣನಿಗಿಂತ ಶೇ. 20 ಕಡಿಮೆ, 25 ಅಲ್ಲ. ಪ್ರಶ್ನೆ ಮಾಡುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತು. ಆ ತಪ್ಪಿನಿಂದ ಬರುವ ಉತ್ತರವೂ ಆಯ್ಕೆಗಳಲ್ಲಿ ಕೂತಿರಬಹುದು.

ಬದಲಾಗದ್ದನ್ನು ಹಿಡಿಯುವುದು

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಮನೆಗಳಲ್ಲಿ ಒಣಮೀನಿಗೆ ಬೆಲೆ. ಲೆಕ್ಕಕ್ಕೂ ಅದು ಒಳ್ಳೆಯ ಸಾಮಾನು. ಹಸಿ ಮೀನಿನಲ್ಲಿ ಶೇ. 75 ನೀರು, ಒಣಗಿದ ಮೇಲೆ ಶೇ. 20 ನೀರು ಅಂತಿಟ್ಟುಕೊಳ್ಳಿ. 64 ಕಿಲೋ ಹಸಿ ಮೀನು ಒಣಗಿಸಿದರೆ ಎಷ್ಟು ಕಿಲೋ ಸಿಗುತ್ತದೆ? ಮೀನು ತಿನ್ನದವರು ತೆಂಗಿನಕಾಯಿ ಮತ್ತು ಕೊಬ್ಬರಿ ಅಂದುಕೊಳ್ಳಿ, ದಾರಿ ಒಂದೇ.

ತುಂಬ ಜನ 75ರಿಂದ 20 ಕಳೆದು ಶೇ. 55 ತೂಕ ಹೋಯಿತು ಅನ್ನುತ್ತಾರೆ. ಅದು ತಪ್ಪು. 75 ಅನ್ನುವುದು ಹಸಿ ತೂಕದ ಮೇಲೆ, 20 ಅನ್ನುವುದು ಒಣ ತೂಕದ ಮೇಲೆ. ಎರಡು ಬೇರೆ ಬೇಸ್‌ಗಳ ಶೇಕಡಾವನ್ನು ಕೂಡಲೂ ಬಾರದು, ಕಳೆಯಲೂ ಬಾರದು. ಬದಲಾಗದೆ ಉಳಿದದ್ದು ಯಾವುದು? ಮೀನಿನ ಒಣ ಭಾಗ. 64ರಲ್ಲಿ ಕಾಲು, 16 ಕಿಲೋ. ಒಣಗಿದ ಮೇಲೆ ಈ 16 ಕಿಲೋ ಒಟ್ಟು ತೂಕದ ಶೇ. 80 ಆಗುತ್ತದೆ. 16/0.8 = 20 ಕಿಲೋ.

ಹಾಲಿಗೆ ನೀರು ಬೆರೆಸುವ ಲೆಕ್ಕಕ್ಕೂ ಇದೇ. 60 ಲೀಟರ್ ಮಿಶ್ರಣದಲ್ಲಿ ಶೇ. 20 ನೀರು. ನೀರು ಶೇ. 25 ಆಗಲು ಇನ್ನೆಷ್ಟು ನೀರು ಬೇಕು? ಹಾಲು ಬದಲಾಗುವುದಿಲ್ಲ, 48 ಲೀಟರ್. ಅದು ಈಗ ಶೇ. 75 ಆಗಬೇಕು. ಒಟ್ಟು 64, ಬೆರೆಸುವುದು 4 ಲೀಟರ್. ಇಲ್ಲೂ ಸಮೀಕರಣ ಬರೆಯಬಹುದು, ಆದರೆ ನೀರಿನ ಕಡೆಯಿಂದ ಬರೆದರೆ ಕ ಎರಡೂ ಬದಿಯಲ್ಲಿ ಬರುತ್ತದೆ. ಹಾಲಿನ ಕಡೆಯಿಂದ ನೋಡಿದರೆ ಒಂದು ಭಾಗಾಕಾರ, ಅಷ್ಟೇ.

ಎರಡು ದರದ ಠೇವಣಿ

ಸಣ್ಣ ಉಳಿತಾಯ ಈ ಊರಿಗೆ ಹಳೆಯ ಅಭ್ಯಾಸ. ದಿನಾ ಮನೆಬಾಗಿಲಿಗೆ ಬಂದು ಚಿಲ್ಲರೆ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ 1928ರಲ್ಲಿ ಉಡುಪಿಯಲ್ಲೇ ಶುರುವಾದದ್ದು. ಪರೀಕ್ಷೆಯ ಲೆಕ್ಕ ಹೀಗಿರುತ್ತದೆ: 1,20,000 ರೂಪಾಯಿಯಲ್ಲಿ ಸ್ವಲ್ಪ ಶೇ. 7ರಲ್ಲಿ, ಉಳಿದದ್ದು ಶೇ. 9ರಲ್ಲಿ ಇಟ್ಟರು. ವರ್ಷಕ್ಕೆ ಬಡ್ಡಿ 9,000. ಶೇ. 9ರಲ್ಲಿ ಇಟ್ಟದ್ದು ಎಷ್ಟು?

ಎಲ್ಲ ದುಡ್ಡೂ ಶೇ. 7ರಲ್ಲೇ ಇದೆ ಅಂದುಕೊಳ್ಳಿ. ಬಡ್ಡಿ 8,400. ಬಂದದ್ದು 600 ಜಾಸ್ತಿ. ಈ 600 ಬಂದದ್ದು ಶೇ. 9ರ ಭಾಗದ ಮೇಲಿನ ಹೆಚ್ಚುವರಿ ಶೇ. 2ರಿಂದ. 600 ಅಂದರೆ ಶೇ. 2 ಆದರೆ ಪೂರ್ತಿ 30,000. ಮುಗಿಯಿತು. ಅಡ್ಡ ಗೆರೆ ಎಳೆದು ಅನುಪಾತ ತೆಗೆಯುವ ಅಲಿಗೇಷನ್ ವಿಧಾನವೂ ಇಲ್ಲಿ ನಡೆಯುತ್ತದೆ. ಸರಾಸರಿ ದರ ಶೇ. 7.5, ಅನುಪಾತ 3ಕ್ಕೆ 1. ಆದರೆ ಆ ಅನುಪಾತದಲ್ಲಿ ಯಾವುದು ಯಾರದ್ದು ಅಂತ ಅದಲುಬದಲು ಮಾಡಿಕೊಳ್ಳುವವರು ತುಂಬಾ. ಅಲಿಗೇಷನ್ ಕೈಗೆ ಕೂತಿದ್ದರೆ ಬಿಡಬೇಡಿ. ಈಗ ಕಲಿಯುವವರಿಗೆ "ಎಲ್ಲವೂ ಕಡಿಮೆ ದರದಲ್ಲಿ" ಅನ್ನುವ ದಾರಿಯೇ ಸುರಕ್ಷಿತ.

ಆಯ್ಕೆಗಳಿಂದ ಹಿಂದಕ್ಕೆ

ಇದನ್ನು ಕಳ್ಳದಾರಿ ಅಂತ ಕೆಲವು ಮೇಷ್ಟ್ರುಗಳು ಬೈಯುತ್ತಾರೆ. ನಾನು ಬೈಯುವುದಿಲ್ಲ, ಆದರೆ ಮೊದಲ ಆಯುಧವಾಗಿಯೂ ಕೊಡುವುದಿಲ್ಲ. ಅಣ್ಣ ತಮ್ಮಂದಿರ ಲೆಕ್ಕವನ್ನೇ ತೆಗೆದುಕೊಳ್ಳಿ. ಆಯ್ಕೆಗಳು 10,000, 12,000, 14,000, 15,000, 16,000. ಮಧ್ಯದ 14,000 ಹಿಡಿದರೆ ಅಣ್ಣನಿಗೆ 17,500. ಏರಿದ ಮೇಲೆ 17,000 ಮತ್ತು 20,500. 17,000ದ ಶೇ. 20 ಜಾಸ್ತಿ ಅಂದರೆ 20,400. ಅಂತರ ಇನ್ನೂ ಸ್ವಲ್ಪ ದೊಡ್ಡದಾಗಿದೆ. ಸಂಬಳ ಚಿಕ್ಕದಿದ್ದಷ್ಟೂ 3,000ದ ಪರಿಣಾಮ ಜೋರು, ಹಾಗಾಗಿ ಕೆಳಗೆ ಇಳಿಯಬೇಕು. 12,000 ಸರಿಯಾಗುತ್ತದೆ. ಎರಡು ಯತ್ನ ಸಾಕು. ಆದರೆ ಮೇಲಕ್ಕೆ ಹೋಗಬೇಕಾ ಕೆಳಕ್ಕಾ ಅನ್ನುವುದು ಹೊಳೆಯದಿದ್ದರೆ ಐದನ್ನೂ ಹಾಕಿ ನೋಡಬೇಕಾಗುತ್ತದೆ, ಅಷ್ಟರಲ್ಲಿ ಸಮೀಕರಣ ಎರಡು ಸಲ ಬಿಡಿಸಬಹುದು. ಇನ್ನೊಂದು ಗಮನಿಸಿದಿರಾ? 15,000 ಕೂಡ ಆಯ್ಕೆಯಲ್ಲಿದೆ. ಅದು ಅಣ್ಣನ ಸಂಬಳ. ಕೇಳಿದ್ದು ಯಾರದ್ದು ಅಂತ ಮರೆತವರು ಅಲ್ಲಿ ಬೀಳುತ್ತಾರೆ.

ಆಯ್ಕೆಗಳು ನಿಜವಾಗಿ ಉಪಯೋಗಕ್ಕೆ ಬರುವುದು ತಳ್ಳಿಹಾಕಲು. ಜನ, ಮತ, ಕುರ್ಚಿ ಅರ್ಧ ಆಗುವುದಿಲ್ಲ ಅಲ್ವಾ? ಕಾಲೇಜಿನಲ್ಲಿ ಶೇ. 37.5 ಹುಡುಗರು ಅಂದರೆ ಒಟ್ಟು ಸಂಖ್ಯೆ 8ರಿಂದ ಭಾಗವಾಗಲೇಬೇಕು. 420, 450, 480, 500, 530ರಲ್ಲಿ ಭಾಗವಾಗುವುದು 480 ಒಂದೇ. ಉಳಿದ ಪ್ರಶ್ನೆ ಓದುವುದೇ ಬೇಡ. ಎಲ್ಲ ಪ್ರಶ್ನೆಯೂ ಇಷ್ಟು ಸಾಧುವಾಗಿರುವುದಿಲ್ಲ ಅನ್ನುವುದು ಬೇರೆ ಮಾತು. ಸ್ಟಾಫ್ ಸೆಲೆಕ್ಷನ್ ಪರೀಕ್ಷೆಯಲ್ಲಿ ಆಯ್ಕೆ ನಾಲ್ಕೇ, ಹಾಗಾಗಿ ತಳ್ಳಿಹಾಕುವುದು ಅಲ್ಲಿ ಇನ್ನೂ ಸುಲಭ.

ಕ್ಯಾಟ್, ಜಿಆರ್‌ಇ ಬರೆಯುವವರಿಗೆ

ಕ್ಯಾಟ್‌ನಲ್ಲಿ ಆಯ್ಕೆಯೇ ಇಲ್ಲದ, ಉತ್ತರ ಟೈಪ್ ಮಾಡುವ ಪ್ರಶ್ನೆಗಳಿವೆ. ಜಿಆರ್‌ಇಯಲ್ಲೂ ಇವೆ. ಅಲ್ಲಿ ಆಯ್ಕೆಗಳ ನಂಬಿಕೆಯಲ್ಲಿ ಬೆಳೆದವರಿಗೆ ಕಷ್ಟ. ಎರಡರಲ್ಲೂ ಪರದೆಯ ಮೇಲೆ ಕ್ಯಾಲ್ಕುಲೇಟರ್ ಸಿಗುತ್ತದೆ, ಆದ್ದರಿಂದ ಭಿನ್ನರಾಶಿ ಪಟ್ಟಿಯ ತೂಕ ಸ್ವಲ್ಪ ಇಳಿದು ಸಮೀಕರಣ ಕಟ್ಟುವ ಅಭ್ಯಾಸದ ತೂಕ ಏರುತ್ತದೆ.

ಜಿಆರ್‌ಇಯ ಹೋಲಿಕೆ ಪ್ರಶ್ನೆಗಳಲ್ಲಿ ನೂರು ಹಿಡಿಯುವವರು ಎಚ್ಚರ ಇರಬೇಕು. ಅಲ್ಲಿ ಎರಡು ಮೊತ್ತ ಕೊಟ್ಟು ಯಾವುದು ದೊಡ್ಡದು, ಎರಡೂ ಸಮವಾ, ಅಥವಾ ಹೇಳಲು ಆಗುವುದಿಲ್ಲವಾ ಅಂತ ಕೇಳುತ್ತಾರೆ. ಒಂದು ವಸ್ತುವಿನ ಬೆಲೆ ಶೇ. 20 ಏರಿ ಆಮೇಲೆ 20 ರೂಪಾಯಿ ಇಳಿಯಿತು. ಮೊದಲಿನ ಬೆಲೆ ದೊಡ್ಡದಾ, ಕೊನೆಯದಾ? 100 ಹಿಡಿದರೆ 120, ಮತ್ತೆ 100. ಸಮ ಅಂತ ಒತ್ತಿ ಮುಂದೆ ಹೋಗುತ್ತಾರೆ. 50 ಹಿಡಿದು ನೋಡಿ, 60 ಆಗಿ 40ಕ್ಕೆ ಇಳಿಯುತ್ತದೆ. 200 ಹಿಡಿದರೆ 240 ಆಗಿ 220ಕ್ಕೆ ನಿಲ್ಲುತ್ತದೆ. ಸರಿ ಉತ್ತರ "ಹೇಳಲು ಆಗುವುದಿಲ್ಲ". ಇಂಥ ಪ್ರಶ್ನೆಯಲ್ಲಿ 100 ಒಂದನ್ನೇ ಇಟ್ಟು ಬಿಡಬೇಡಿ. ನೂರಕ್ಕಿಂತ ಚಿಕ್ಕದೊಂದು, ದೊಡ್ಡದೊಂದು ಹಾಕಿ ನೋಡಿ. ಇಲ್ಲವೇ 1.2ಕ − 20 ಅಂತ ಬರೆದುಕೊಳ್ಳಿ, ಕ ಎಷ್ಟಿದ್ದಾಗ ಯಾವ ಕಡೆ ವಾಲುತ್ತದೆ ಅನ್ನುವುದು ಅಲ್ಲೇ ಕಾಣುತ್ತದೆ.